ಸೂಪರ್‌ಹೀರೋ ಬಟ್ಟೆಗೆ ಅಳತೆ ತೆಗೆದುಕೊಂಡವರು ಯಾರು?

(ಚಿಕ್ಕಮಗಳೂರಿನಲ್ಲಿ ಸಿನಿಮಾ ಆಸಕ್ತರು ಸೇರಿದ್ದ ಸಂಜೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಸ್ವಲ್ಪ ಭಾಗ ಮಾತ್ರ ಇಲ್ಲಿದೆ.)

ಎಲ್ಲರಿಗೂ ನಮಸ್ಕಾರ.

ನಾನು ಸಿನಿಮಾದವಳಲ್ಲ. ಬಸವನಹಳ್ಳಿ ಕಡೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸು, ಚೂಡಿದಾರ ನನ್ನ ಹೊಟ್ಟೆಪಾಡು. ಸ್ಕೂಲ್ ಡೇ ಹತ್ತಿರ ಬಂತು ಅಂದರೆ ಮಾತ್ರ ಅಂಗಡಿಯ ಕಥೆಯೇ ಬೇರೆ. ತಾಯಂದಿರು ಮೊಬೈಲ್ ಹಿಡಿದುಕೊಂಡು ಬರುತ್ತಾರೆ. "ಅಕ್ಕಾ, ಇದೇ ಥರ ಸ್ಪೈಡರ್‌ಮ್ಯಾನ್ ಬೇಕು, ನಾಡಿದ್ದು ಪ್ರೋಗ್ರಾಮು" ಅನ್ನುತ್ತಾರೆ. ಫೋಟೋದಲ್ಲಿರುವುದು ಹಾಲಿವುಡ್‌ನವರು ಒಂದು ತಂಡ ಕಟ್ಟಿಕೊಂಡು ತಿಂಗಳುಗಟ್ಟಲೆ ಮಾಡಿದ ಬಟ್ಟೆ. ನನ್ನ ಹತ್ತಿರ ಇರುವುದು ಒಂದು ಮಿಷಿನ್ನು, ಎರಡು ರಾತ್ರಿ.

ಹಾಗಾಗಿ ಸಿನಿಮಾ ನೋಡುವಾಗ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಜೇಡ ಕಚ್ಚಿ ಹುಡುಗ ಗೋಡೆ ಹತ್ತಿದ ಅಂದರೆ ಸರಿ ಅನ್ನುತ್ತೇನೆ. ಕಥೆ ಅಲ್ವಾ, ಹತ್ತಲಿ ಬಿಡಿ. ಅದೇ ಹುಡುಗ ರಾತ್ರಿ ರೂಮಿನ ಬಾಗಿಲು ಹಾಕಿಕೊಂಡು, ಬೆಳಗ್ಗೆ ಮೈಗೆ ಅಂಟಿದ ಕೆಂಪು ನೀಲಿ ಬಟ್ಟೆಯಲ್ಲಿ ಹೊರಗೆ ಬಂದ ಅಂದರೆ ಮಾತ್ರ ನನಗೆ ತಡೆಯುವುದಿಲ್ಲ. ಪಕ್ಕದವರನ್ನು ತಿವಿದು ಕೇಳುತ್ತೇನೆ, "ಹೊಲಿದದ್ದು ಯಾರು?" ಅಂತ.

ಇವತ್ತು ನಾನು ಹೇಳಬೇಕಾದ್ದು ಇಷ್ಟೇ. ಮನೆಯಲ್ಲಿ ಮಾಡಿದ ಬಟ್ಟೆ ಹಳೇದಾಗಿ, ಕೊಳಕಾಗಿ ಕಂಡ ಮಾತ್ರಕ್ಕೆ ನಂಬಿಕೆ ಹುಟ್ಟುವುದಿಲ್ಲ. ಬಟ್ಟೆ ಎಲ್ಲಿಂದ ಬಂತು, ಹೊಲಿದ ಕೈಗೆ ಏನು ಬರುತ್ತಿತ್ತು, ಇವೆರಡು ಪರದೆ ಮೇಲೆ ಕಾಣಬೇಕು. ಕಂಡರೆ ನಾನು ಮಿಕ್ಕ ಎಲ್ಲವನ್ನೂ ನಂಬುತ್ತೇನೆ.

ಈಗ ಒಂದು ತುಂಡು ಬಟ್ಟೆ ನಿಮ್ಮ ಕೈಗೆ ಬರುತ್ತದೆ. ನೋಡಿ ಹಿಂದಿನ ಸಾಲಿಗೆ ಕೊಡಿ. ಲೈಕ್ರಾ, ಅಂದರೆ ಎಳೆದರೆ ಹಿಗ್ಗಿ ಮೈಗೆ ಅಂಟಿ ಕೂರುವ ಬಟ್ಟೆ. ನಡುವೆ ಒಂದು ಹೊಲಿಗೆ ಇದೆಯಲ್ಲ, ಅದನ್ನು ಮಾಮೂಲಿ ಮಿಷಿನ್ನಿನಲ್ಲಿ, ಮಾಮೂಲಿ ದಾರದಲ್ಲಿ ನೇರ ಹೊಡೆದದ್ದು. ಎರಡೂ ಕಡೆ ಹಿಡಿದು ಎಳೆಯಿರಿ. ಟಪ್ ಟಪ್ ಅಂತ ಸದ್ದು ಬಂತಾ? ಬಟ್ಟೆಗೆ ಏನೂ ಆಗಿಲ್ಲ, ಹರಿದದ್ದು ದಾರ. ಬಟ್ಟೆ ಹಿಗ್ಗಿತು, ದಾರ ಹಿಗ್ಗಲಿಲ್ಲ.

ಹೊಸಬರು ಲೈಕ್ರಾ ಹೊಲಿದರೆ ಆಗುವುದೇ ಇದು. ಹಾಕಿಕೊಂಡು ನಿಂತರೆ ಚೆನ್ನಾಗಿಯೇ ಕಾಣುತ್ತದೆ. ಕೂತರೆ ಹಿಂದುಗಡೆ ಬಿಟ್ಟುಕೊಳ್ಳುತ್ತದೆ, ಕೈ ಎತ್ತಿದರೆ ಕಂಕುಳಲ್ಲಿ ಬಿಡುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಜೋತಾಡಿಕೊಂಡು ಹೋಗುವವನ ಗತಿ ನೀವೇ ಯೋಚಿಸಿ. ಇದಕ್ಕೆ ತುದಿ ಗುಂಡಗಿರುವ ಸೂಜಿ ಬೇಕು. ಚೂಪು ಸೂಜಿ ಹಿಗ್ಗುವ ಎಳೆಯನ್ನೇ ಚುಚ್ಚಿ ಕಡಿದುಬಿಡುತ್ತದೆ. ಹೊಲಿಗೆ ಜಿಗ್‌ಜಾಗ್ ಇರಬೇಕು, ಇಲ್ಲವೇ ಓವರ್‌ಲಾಕ್ ಮಿಷಿನ್ನು ಬೇಕು. ಹಾಸನದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ಅವರಿಗೆ ನಗು ಬರುತ್ತಿರಬಹುದು. ಅವರಿಗೆ ಇದು ದಿನಾ ಮಾಡುವ ಕೆಲಸ. ಆದರೆ ಫೋಟೋ ಮಾರಿ ಹೊಟ್ಟೆ ಹೊರೆಯುವ ಆ ಸ್ಪೈಡರ್‌ಮ್ಯಾನ್ ಹುಡುಗನ ರೂಮಿಗೆ ಓವರ್‌ಲಾಕ್ ಮಿಷಿನ್ನು ಎಲ್ಲಿಂದ ಬಂತು?

ತಮಾಷೆ ಏನು ಗೊತ್ತಾ? ಈ ಹಿಗ್ಗುವ ನೂಲನ್ನು ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಅನ್ನುವವರು ಕಂಡುಹಿಡಿದದ್ದು 1958ರಲ್ಲಿ. ಸೂಪರ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಬಂದದ್ದು 1938ರಲ್ಲಿ. ಬಟ್ಟೆ ಹುಟ್ಟುವ ಮೊದಲೇ ಚಿತ್ರ ಬರೆಯುವವರು ಆ ಬಟ್ಟೆ ತೊಡಿಸಿಬಿಟ್ಟಿದ್ದರು. ಅವರಿಗೇನು, ಮೈ ಬರೆದು ಮೇಲೆ ಬಣ್ಣ ಹಚ್ಚಿದರೆ ಬಟ್ಟೆ ಆಯ್ತು. ಸುಕ್ಕಿಲ್ಲ, ಜಿಪ್ಪಿಲ್ಲ, ಹೊಲಿಗೆ ಇಲ್ಲ. ಕಷ್ಟ ಬಿದ್ದದ್ದು ಆಮೇಲೆ ಬಂದ ಸಿನಿಮಾದ ದರ್ಜಿಗಳಿಗೆ.

2002ರ ಸ್ಪೈಡರ್‌ಮ್ಯಾನ್ ಸಿನಿಮಾ ನೋಡದವರು ಕಡಿಮೆ. ಸ್ಯಾಮ್ ರೈಮಿ ನಿರ್ದೇಶನದ್ದು. ಅದರಲ್ಲಿ ಹುಡುಗ ಮೊದಲು ಕುಸ್ತಿ ಅಖಾಡಕ್ಕೆ ಇಳಿಯುತ್ತಾನೆ. ಮೂರು ನಿಮಿಷ ನಿಂತರೆ 3,000 ಡಾಲರ್ ಅಂತ ಜಾಹೀರಾತು ನೋಡಿ ಹೋಗಿರುತ್ತಾನೆ. ಆಗ ಮೈಮೇಲೆ ಇರುವುದು ಒಂದು ಕೆಂಪು ತುಂಬುತೋಳಿನ ಅಂಗಿ, ಎದೆ ಮೇಲೆ ಬಣ್ಣದಲ್ಲಿ ಬಿಡಿಸಿದ ಜೇಡ, ಮುಖಕ್ಕೆ ಎಳೆದುಕೊಂಡ ಟೋಪಿಯಂಥ ಮುಸುಕು. ನನಗೆ ಆ ಬಟ್ಟೆ ಬಹಳ ಇಷ್ಟ. ಅಂಗಿ ಅಂಗಡಿಯದು, ಬಣ್ಣ ಅವನದು, ಅಷ್ಟೇ. ಆ ವಯಸ್ಸಿನ ಹುಡುಗ ಅದಕ್ಕಿಂತ ಜಾಸ್ತಿ ಮಾಡಲಾರ.

ಆಮೇಲೆ? ಪುಸ್ತಕದಲ್ಲಿ ಚಿತ್ರ ಬರೆಯುವುದನ್ನು ತೋರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಪೂರ್ತಿ ಬಟ್ಟೆ ಸಿದ್ಧ! ಉಬ್ಬಿದ ಬಲೆಯ ಗೆರೆಗಳು, ಬೆಳ್ಳಿ ಬಣ್ಣದ ಕಣ್ಣು, ಕಾಲಿನವರೆಗೆ ಎಲ್ಲೂ ಒಂದು ಸುಕ್ಕಿಲ್ಲ. ಜೇಮ್ಸ್ ಆಚೆಸನ್ ಅವರ ವಿನ್ಯಾಸ ಅದು, ಕೆಲಸಕ್ಕೆ ಕೈ ಮುಗಿಯಬೇಕು. ಆದರೆ ಮನೆಯಲ್ಲಿ ಹೊಲಿದದ್ದು ಅಂತ ನನ್ನನ್ನು ನಂಬಿಸಲು ಬರಬೇಡಿ. ಚೆಕ್ಸ್ ಶರ್ಟು ಹೊಲಿಸಿದವರಿಗೆ ಗೊತ್ತಿರುತ್ತದೆ. ಜೇಬಿನ ಗೆರೆ ಎದೆಯ ಗೆರೆಗೆ ಕೂಡಬೇಕು, ಎಡ ಮುಂಭಾಗದ್ದು ಬಲಕ್ಕೆ ಕೂಡಬೇಕು. ಅದಕ್ಕೇ ಚೆಕ್ಸ್ ಆದರೆ ಬಟ್ಟೆ ಜಾಸ್ತಿ ತನ್ನಿ ಅನ್ನುತ್ತೇವೆ. ನೇರ ಗೆರೆಗೇ ಇಷ್ಟು ಪಾಡು. ಇಲ್ಲಿ ಬಲೆಯ ಗೆರೆ ಮುಖದ ನಡುವಿನಿಂದ ಹೊರಟು ಹರಡಿಕೊಳ್ಳುತ್ತದೆ. ಅದೂ ಹಿಗ್ಗುವ ಬಟ್ಟೆ ಮೇಲೆ. ಭುಜದಲ್ಲಿ, ಪಕ್ಕದಲ್ಲಿ, ತೋಳಿನಲ್ಲಿ ಎಲ್ಲಾ ಕಡೆ ಗೆರೆಗೆ ಗೆರೆ ಕೂಡಿದೆ. ಇಪ್ಪತ್ತು ವರ್ಷ ಕತ್ತರಿ ಹಿಡಿದವರಿಗೂ ಬೆವರು ಇಳಿಯುವ ಕೆಲಸ.

ಆದರೂ ಆ ಸಿನಿಮಾ ತಂಡದ ಮೇಲೆ ನನಗೆ ಸಿಟ್ಟಿಲ್ಲ. 2004ರ ಎರಡನೇ ಭಾಗದಲ್ಲಿ ಅವರು ಸಾಲ ತೀರಿಸಿದರು. ಅದರಲ್ಲಿ ಹುಡುಗ ಆ ಬಟ್ಟೆಯನ್ನು ಮಿಕ್ಕ ಬಟ್ಟೆ ಜೊತೆ ಲಾಂಡ್ರಿ ಮಿಷಿನ್ನಿಗೆ ಹಾಕುತ್ತಾನೆ. ಕೆಂಪು, ನೀಲಿ ಬಣ್ಣ ಬಿಟ್ಟು ಬಿಳಿ ಬಟ್ಟೆಗೆಲ್ಲ ಹಿಡಿಯುತ್ತದೆ. ಇನ್ನೊಂದು ಕಡೆ ಲಿಫ್ಟ್‌ನಲ್ಲಿ ಪಕ್ಕದವನು "ಬಟ್ಟೆ ಚೆನ್ನಾಗಿದೆ" ಅಂದಾಗ, ಕೆರೆತ ಬರುತ್ತೆ, ತೊಡೆ ಸಂದಿಯಲ್ಲಿ ಮೇಲೆ ಏರುತ್ತೆ ಅಂತ ಒಪ್ಪಿಕೊಳ್ಳುತ್ತಾನೆ. ಹೊಲಿಯುವುದನ್ನು ತೋರಿಸಲಿಲ್ಲ, ನಿಜ. ಹಾಕಿಕೊಂಡವನ ಪಾಡು ತೋರಿಸಿದರು. ಬಣ್ಣ ಬಿಡುವ ಬಟ್ಟೆ, ಕೆರೆಯುವ ಬಟ್ಟೆ ನಮಗೆಲ್ಲ ಗೊತ್ತಿರುವ ಬಟ್ಟೆ. ಅಲ್ಲಿಗೆ ನಾನು ಅರ್ಧ ಸೋತೆ.

ಮುಂದೆ ಬಂದ ಸ್ಪೈಡರ್‌ಮ್ಯಾನ್‌ಗಳಲ್ಲಿ 2012ರದ್ದು ಸ್ಪ್ಯಾಂಡೆಕ್ಸ್, ಅಂದರೆ ನಮ್ಮ ಲೈಕ್ರಾನೇ, ಹುಡುಕುವುದು, ಕಣ್ಣಿಗೆ ತಂಪು ಕನ್ನಡಕದ ಗಾಜು ಬಳಸುವುದು ಅಂತ ಒಂದಿಷ್ಟು ಲೆಕ್ಕ ಕೊಟ್ಟಿತು. ನನ್ನ ಪ್ರಕಾರ ಎಲ್ಲಕ್ಕಿಂತ ನಂಬುವಂಥದ್ದು 2016ರ ಸಿವಿಲ್ ವಾರ್‌ನಲ್ಲಿ ಕಂಡು, 2017ರ ಹೋಮ್‌ಕಮಿಂಗ್‌ನಲ್ಲಿ ಮತ್ತೆ ಬಂದದ್ದು. ಟೋಪಿ ಇರುವ ಕೆಂಪು ಹೂಡಿ ಅಂಗಿ, ತೋಳು ಕತ್ತರಿಸಿದ್ದು. ಒಳಗೆ ನೀಲಿ ಬಟ್ಟೆ. ಕಣ್ಣಿಗೆ ದಪ್ಪ ಗಾಗಲ್. ಐರನ್‌ಮ್ಯಾನ್ ಆಗಿರುವ ಟೋನಿ ಸ್ಟಾರ್ಕ್ ಅದನ್ನು ನೋಡಿ ಮಗುವಿನ ಬಟ್ಟೆ ಅನ್ನುವ ಹಾಗೆ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಆ ಹುಡುಗ ತನಗೆ ಬಾರದ ಕೆಲಸಕ್ಕೆ ಕೈ ಹಾಕಿಲ್ಲ. ಕತ್ತರಿಸುವುದು ಬರುತ್ತದೆ, ಕತ್ತರಿಸಿದ್ದಾನೆ. ಅವನ ಜಾಣತನ ರಸಾಯನಶಾಸ್ತ್ರದಲ್ಲಿ. ಸ್ಕೂಲ್ ಲ್ಯಾಬಿನಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಬಲೆಯ ಅಂಟು ಮಾಡುತ್ತಾನೆ. ಬುದ್ಧಿ ಎಲ್ಲಿದೆಯೋ ಅಲ್ಲಿ ಚೆನ್ನಾಗಿದೆ, ಇಲ್ಲದ ಕಡೆ ಸುಮಾರಾಗಿದೆ. ಇದು ಸರಿಯಾದ ಲೆಕ್ಕ.

2010ರ ಕಿಕ್-ಆಸ್ ಹುಡುಗನದ್ದೂ ಇದೇ ದಾರಿ. ಹೊಲಿಯಲು ಬರಲ್ಲ ಅಂತ ನೀರಿಗಿಳಿಯುವವರು ಹಾಕುವ ವೆಟ್‌ಸೂಟನ್ನೇ ತರಿಸಿಕೊಳ್ಳುತ್ತಾನೆ. ಮೊದಲ ಜಗಳದಲ್ಲೇ ಚಾಕು ಹಾಕಿಸಿಕೊಳ್ಳುತ್ತಾನೆ. ತಣ್ಣೀರಿನ ಚಳಿ ತಡೆಯಲು ಮಾಡಿದ ಬಟ್ಟೆ ಚಾಕು ತಡೆಯುತ್ತಾ?

ಈಗ ನನಗೆ ತುಂಬಾ ಇಷ್ಟವಾದ ಒಂದಕ್ಕೆ ಬರುತ್ತೇನೆ. 1992ರ ಬ್ಯಾಟ್‌ಮ್ಯಾನ್ ರಿಟರ್ನ್ಸ್, ಟಿಮ್ ಬರ್ಟನ್ ನಿರ್ದೇಶನ. ಸೆಲಿನಾ ಅನ್ನುವ ಸೆಕ್ರೆಟರಿ ಹೆಣ್ಣುಮಗಳು. ಮಾಲೀಕ ಅವಳನ್ನು ಕಿಟಕಿಯಿಂದ ತಳ್ಳಿರುತ್ತಾನೆ. ಹೇಗೋ ಬದುಕಿ ಮನೆಗೆ ಬಂದವಳು ಬೀರು ತೆಗೆದು ಒಂದು ಕಪ್ಪು ಮಿರಿಮಿರಿ ರೈನ್‌ಕೋಟು ಎಳೆಯುತ್ತಾಳೆ. ಕತ್ತರಿಸುತ್ತಾಳೆ, ಮಿಷಿನ್ನಿಗೆ ಕೂರುತ್ತಾಳೆ. ಹೊಲಿಗೆ ಪೆಟ್ಟಿಗೆಯ ಸಾಮಾನಿನಿಂದಲೇ ಬೆರಳಿಗೆ ಉಗುರು ಮಾಡಿಕೊಳ್ಳುತ್ತಾಳೆ. ಬೆಳಗಾಗುವಷ್ಟರಲ್ಲಿ ಕ್ಯಾಟ್‌ವುಮನ್.

ಮಲೆನಾಡಿನ ದರ್ಜಿಗೆ ರೈನ್‌ಕೋಟು ಹೊಸದಲ್ಲ. ಜೂನ್ ಬಂತು ಅಂದರೆ ಜಿಪ್ಪು ಕಿತ್ತದ್ದು, ಕಂಕುಳು ಹರಿದದ್ದು ರಾಶಿ ಬೀಳುತ್ತದೆ. ಅದನ್ನು ಹೊಲಿಯುವುದು ದೊಡ್ಡ ಕಿರಿಕಿರಿ. ಮಿಷಿನ್ನಿನ ಫುಟ್ಟು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಮುಂದೆ ಸರಿಯುವುದೇ ಇಲ್ಲ. ಮೇಲೆ ಒಂದು ನ್ಯೂಸ್‌ಪೇಪರ್ ಪಟ್ಟಿ ಇಟ್ಟು ಹೊಲಿದು, ಆಮೇಲೆ ಕಾಗದ ಹರಿದು ತೆಗೆಯುತ್ತೇವೆ. ಅದಕ್ಕಿಂತ ಮುಖ್ಯವಾದದ್ದು ತೂತು. ಬಟ್ಟೆಯಲ್ಲಿ ಸೂಜಿ ಹೋದ ಜಾಗ ಮುಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನಲ್ಲಿ ತೂತು ಬಿತ್ತು ಅಂದರೆ ಬಿತ್ತು. ಒತ್ತೊತ್ತಾಗಿ ಹೊಲಿದರೆ ಅಂಚೆ ಚೀಟಿ ಹಾಗೆ ಆ ಸಾಲಿನಲ್ಲೇ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಹೊಲಿಗೆ ದೂರ ದೂರ ಇರಬೇಕು, ದಾರ ದಪ್ಪ ಇರಬೇಕು.

ಈಗ ಅವಳ ಬಟ್ಟೆ ನೆನಪಿಸಿಕೊಳ್ಳಿ. ಮೈ ತುಂಬಾ ದಪ್ಪ ಬಿಳಿ ಹೊಲಿಗೆ, ದೂರ ದೂರ, ಅಂಕುಡೊಂಕು. ಅಲಂಕಾರಕ್ಕೆ ಮಾಡಿದ್ದು ಅಂತ ಜನ ಅಂದುಕೊಳ್ಳುತ್ತಾರೆ. ಅಲಂಕಾರವೂ ಹೌದು. ಆದರೆ ರೈನ್‌ಕೋಟು ಹೊಲಿಯುವ ರೀತಿಯೂ ಅದೇ. ಒಂದೇ ಕೋಟಿನಿಂದ ಮೈ ಪೂರ್ತಿ ಮುಚ್ಚಬೇಕಾದರೆ ತುಂಡು ತುಂಡು ಜೋಡಿಸಲೇಬೇಕು, ಹೊಲಿಗೆ ಜಾಸ್ತಿ ಆಗಲೇಬೇಕು. ಸಿನಿಮಾ ಮುಂದೆ ಹೋದ ಹಾಗೆ ಆ ಬಟ್ಟೆ ಅಲ್ಲಲ್ಲಿ ಹರಿಯುತ್ತಾ ಬರುತ್ತದೆ. ಹರಿಯಬೇಕಾದ್ದೇ! ಬಾಬ್ ರಿಂಗ್‌ವುಡ್ ಮತ್ತು ಮೇರಿ ವೋಗ್ಟ್ ವಿನ್ಯಾಸ ಮಾಡಿದ ಆ ನಿಜವಾದ ಬಟ್ಟೆ ಲೇಟೆಕ್ಸ್‌ನದ್ದು. ಆ ಪಾತ್ರ ಮಾಡಿದ ಮಿಷಲ್ ಫೈಫರ್ ಹಾಕಿಕೊಂಡದ್ದು ಯಾವ ರೈನ್‌ಕೋಟೂ ಅಲ್ಲ. ಅದು ನನಗೆ ಗೊತ್ತು. ಗೊತ್ತಿದ್ದೂ ನಂಬುತ್ತೇನೆ. ಯಾಕೆಂದರೆ ಬೀರು ತೆಗೆದದ್ದನ್ನು ನಾನು ನೋಡಿದ್ದೇನೆ.

ಇನ್ನು ಕೊಳಕಿನ ವಿಷಯ. ಬಡವನ ಬಟ್ಟೆ, ಮನೆ ಬಟ್ಟೆ ಅಂತ ತೋರಿಸಲು ಕೆಲವರು ಎಲ್ಲಾ ಕಡೆ ಸಮನಾಗಿ ಮಣ್ಣು ಬಳಿದು ಬಿಡುತ್ತಾರೆ. ಮೊಣಕಾಲಿಗೆ ಒಂದು ತೇಪೆ, ಅದೂ ಬೇರೆ ಬಣ್ಣದ್ದು, ನೀಟಾಗಿ. ನೋಡಿದ ಕೂಡಲೇ ಸುಳ್ಳು ಅಂತ ಗೊತ್ತಾಗುತ್ತದೆ. ನಾಟಕದ ಹುಡುಗರಿಗೆ ನಾನು ಪಂಚೆ ಹಳೇದು ಮಾಡಿ ಕೊಡುವಾಗ ಕಾಫಿ ಡಿಕಾಕ್ಷನ್‌ನಲ್ಲಿ ಅದ್ದುತ್ತೇನೆ. ನಮ್ಮೂರಲ್ಲಿ ಅದಕ್ಕೆ ಬರವೇ? ಆಮೇಲೆ ಸ್ಯಾಂಡ್‌ಪೇಪರ್ ಹಿಡಿದು ಕಾಲರ್ ಮಡಿಕೆ, ಕಫ್ಫು, ಜೇಬಿನ ಬಾಯಿ, ಕೂರುವ ಜಾಗ ಇಷ್ಟನ್ನು ಮಾತ್ರ ಉಜ್ಜುತ್ತೇನೆ. ಬಟ್ಟೆ ಸವೆಯುವುದು ಮೈ ತಾಕುವ ಕಡೆ. ಬೆನ್ನ ನಡುವೆ ಯಾರ ಅಂಗಿಯೂ ಬೇಗ ಸವೆಯುವುದಿಲ್ಲ.

ಬೆನ್ನು ಅಂದಾಗ ನೆನಪಾಯಿತು. ಮನೆಯಲ್ಲಿ ಹೊಲಿದದ್ದೋ ಅಲ್ಲವೋ ಅಂತ ತಿಳಿಯಬೇಕಾದರೆ ಹೀರೋ ತಿರುಗಿದಾಗ ಹಿಂದೆ ನೋಡಿ. ಮೊದಲ ಸಲ ಹೊಲಿದವರು ಎದೆಯ ಮೇಲಿನ ಗುರುತಿಗೆ ಜೀವ ತೇಯುತ್ತಾರೆ. ಹಿಂಭಾಗಕ್ಕೆ ಬರುವಷ್ಟರಲ್ಲಿ ರಾತ್ರಿ ಎರಡು ಗಂಟೆ, ಸಾಕಾಗಿರುತ್ತದೆ. ಹಿಂದೆ ಕುತ್ತಿಗೆ ಎಳೆದಿರುತ್ತದೆ, ಕೆಳ ಅಂಚು ಏರುಪೇರು. ಸಿನಿಮಾದ ಮನೆಬಟ್ಟೆಗಳಲ್ಲಿ ಹಿಂದೂ ಮುಂದೂ ಒಂದೇ ಅಂದ. ಅಲ್ಲೇ ಸಿಕ್ಕಿಬೀಳುತ್ತಾರೆ.

ಮತ್ತೆ ಜಿಪ್ಪು. ಮೈಗಂಟುವ ಬಟ್ಟೆಗೆ ಬೆನ್ನಲ್ಲಿ ಜಿಪ್ಪು ಇಟ್ಟರೆ ಮುಂಭಾಗ ಚೆಂದ ಕೂರುತ್ತದೆ. ಆದರೆ ಎಳೆಯುವವರು ಯಾರು? ಬೆನ್ನ ಹುಕ್ಕಿನ ಬ್ಲೌಸು ಹಾಕುವ ಹೆಂಗಸರು ಇಲ್ಲಿ ಬಹಳ ಜನ ಇದ್ದೀರಿ. ಮನೆಯಲ್ಲಿ ಯಾರೂ ಇಲ್ಲದ ದಿನ ಏನು ಪಾಡು ಅಂತ ನಿಮಗೆ ಹೇಳಬೇಕಾಗಿಲ್ಲ. ತನ್ನ ಗುಟ್ಟು ಯಾರಿಗೂ ಗೊತ್ತಿಲ್ಲ ಅನ್ನುವ ಹೀರೋ ಇಷ್ಟು ವರ್ಷ ಆ ಜಿಪ್ಪನ್ನು ಹೇಗೆ ಏರಿಸಿಕೊಂಡ? ಬಾತ್‌ರೂಮಿಗೆ ಹೋಗುವ ಮಾತು ನಾನು ಎತ್ತುವುದಿಲ್ಲ.

ಸೂಪರ್‌ಮ್ಯಾನ್‌ಗೆ ಹಳೆಯ ಕಾಮಿಕ್ಸ್‌ನಲ್ಲಿ ಬಟ್ಟೆ ಹೊಲಿದುಕೊಟ್ಟದ್ದು ಸಾಕಿದ ತಾಯಿ. ಬೇರೆ ಗ್ರಹದಿಂದ ಮಗು ಬಂದಾಗ ಸುತ್ತಿದ್ದ ಹೊದಿಕೆ ಬಿಚ್ಚಿ ಮಾಡಿದ್ದು. ಆದರೆ ಗುಂಡು ತಾಕದ ಬಟ್ಟೆಗೆ ಕತ್ತರಿ ತಾಕುತ್ತಾ? ಆ ಕಾಮಿಕ್ಸ್ ಬರೆದವರಿಗೂ ಈ ಪ್ರಶ್ನೆ ಬಂದಿದೆ, ನೋಡಿ. ಹುಡುಗ ಕಣ್ಣಿನ ಬೆಂಕಿಯಿಂದ ಕತ್ತರಿಸಿಕೊಡುತ್ತಾನೆ. ಬಲೇ ಅನಿಸಿತು ನನಗೆ. ಉತ್ತರ ಹುಚ್ಚುಚ್ಚಾಗಿರಬಹುದು, ಆದರೆ ಉತ್ತರ ಅಂತ ಒಂದು ಇದೆ.

ದುಡ್ಡಿದ್ದವನ ಕಥೆ ಬೇರೆ. 2005ರ ಬ್ಯಾಟ್‌ಮ್ಯಾನ್ ಬಿಗಿನ್ಸ್‌ನಲ್ಲಿ ಒಂದೇ ಒಂದು ಮುಖವಾಡ ಬೇಕಾಗಿ 10,000 ಆರ್ಡರ್ ಮಾಡುತ್ತಾರೆ, ಯಾರಿಗೂ ಅನುಮಾನ ಬರದಿರಲಿ ಅಂತ. ಮೊದಲ ಲಾಟು ಕೆಟ್ಟು ಬರುತ್ತದೆ! ಗಾರ್ಮೆಂಟ್ಸ್‌ನವರಿಗೆ ಇದಕ್ಕಿಂತ ನಿಜವಾದ ಸೀನು ಇನ್ನೊಂದಿಲ್ಲ. ಒಂದು ಪೀಸಿಗೆ ಯಾವ ಫ್ಯಾಕ್ಟರಿಯೂ ಮಿಷಿನ್ನು ಓಡಿಸುವುದಿಲ್ಲ.

ನಮ್ಮ ದೇಶದ ಕಡೆ ಬಂದರೆ, 2006ರ ಕ್ರಿಶ್ ಸರ್ಕಸ್ಸಿನ ಬೆಂಕಿಯಲ್ಲಿ ಕೈಗೆ ಸಿಕ್ಕ ಮುಖವಾಡ ಹಾಕಿಕೊಂಡ. ಅವಸರದಲ್ಲಿ ಅದು ಸರಿ. 2018ರ ಭಾವೇಶ್ ಜೋಶಿಯಲ್ಲಿ ಹುಡುಗರು ಕಾಗದದ ಚೀಲಕ್ಕೆ ಕಣ್ಣು ಕೊರೆದು ತಲೆಗೆ ಹಾಕಿಕೊಂಡರು. ಅದೂ ಸರಿ. ಮಹಾರಾಷ್ಟ್ರದ ಮಾಲೆಗಾಂವ್‌ನವರು ಇನ್ನೂ ಮುಂದೆ ಹೋದರು. ಪವರ್‌ಲೂಮ್ ಊರು ಅದು. ನಾಸಿರ್ ಶೇಖ್ ಅನ್ನುವವರು ಮಗ್ಗದಲ್ಲಿ ದುಡಿಯುವ ಸಣಕಲು ಹುಡುಗ ಶಫೀಕ್‌ನನ್ನೇ ಸೂಪರ್‌ಮ್ಯಾನ್ ಮಾಡಿ ಸಿನಿಮಾ ತೆಗೆದರು. ಅದನ್ನು ತೆಗೆದ ಕಥೆಯನ್ನೇ ಫೈಜಾ ಅಹ್ಮದ್ ಖಾನ್ ಸಾಕ್ಷ್ಯಚಿತ್ರ ಮಾಡಿದ್ದಾರೆ. ನೋಡದಿದ್ದರೆ ನೋಡಿ. ನಗು ಬರುತ್ತದೆ, ಆದರೆ ಆ ಹುಡುಗನನ್ನು ನೋಡಿ ಬರುವ ನಗು ಅಲ್ಲ ಅದು.

ಆದರೆ ನನ್ನ ವೃತ್ತಿಗೆ ಮರ್ಯಾದೆ ತಂದದ್ದು 2021ರ ಮಿನ್ನಲ್ ಮುರಳಿ. ಕನ್ನಡಕ್ಕೆ ಮಿಂಚು ಮುರಳಿ ಅಂತ ಡಬ್ ಆಗಿದೆ. ಬೇಸಿಲ್ ಜೋಸೆಫ್ ನಿರ್ದೇಶನ, ಟೊವಿನೋ ಥಾಮಸ್ ಹೀರೋ. ಸಿಡಿಲು ಹೊಡೆದು ಶಕ್ತಿ ಬರುವ ಹುಡುಗ ಯಾರು? ಊರಿನ ದರ್ಜಿ! ಅಪ್ಪನದೂ ಅದೇ ಕೆಲಸ. ಕತ್ತರಿ, ಟೇಪು, ಮಿಷಿನ್ನು ಎಲ್ಲಾ ಕಥೆಯ ಒಳಗೇ ಇವೆ. ಕೊನೆಗೆ ಅವನು ಅಚ್ಚುಕಟ್ಟಾದ ಬಟ್ಟೆಯಲ್ಲಿ ಬಂದು ನಿಂತರೆ ನಾನು ಪಕ್ಕದವರನ್ನು ತಿವಿಯಲಿಲ್ಲ. ಎದುರಾಳಿ ಶಿಬು ಬೆರ್ಚಪ್ಪನ ವೇಷ ಹಾಕಿಕೊಳ್ಳುತ್ತಾನೆ. ಅವನನ್ನು ಇಡೀ ಊರು ದೂರ ಇಟ್ಟಿದೆ. ಅವನಿಗೆ ಹೊಲಿದು ಕೊಡುವವರು ಯಾರಿದ್ದಾರೆ? ಒಬ್ಬನದು ಹೊಲಿದ ಬಟ್ಟೆ, ಇನ್ನೊಬ್ಬನದು ಸಿಕ್ಕಿದ ಬಟ್ಟೆ. ಇಬ್ಬರ ಬದುಕೂ ಅದರಲ್ಲೇ ಕಾಣುತ್ತದೆ.

ಮಾಡುವುದನ್ನು ತೋರಿಸಿದರೆ ಮಜಾ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹಾಗೆ ಹೇಳುವವರು ಯಕ್ಷಗಾನದ ಚೌಕಿಗೆ ಹೋಗಿ ಕೂತಿಲ್ಲ ಅನಿಸುತ್ತದೆ. ಕೊಪ್ಪ, ಶೃಂಗೇರಿ ಕಡೆಯವರಿಗೆ ಇದು ಗೊತ್ತು. ಮಕ್ಕಳಾಗಿದ್ದಾಗ ಆಟ ಶುರುವಾಗುವ ಮೊದಲು ಚೌಕಿಯಲ್ಲಿ ಇಣುಕಿದವರೇ ಎಲ್ಲಾ. ಬನಿಯನ್ ಹಾಕಿಕೊಂಡ ಮನುಷ್ಯ ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುತ್ತಾನೆ. ಒಬ್ಬರು ಹಿಂದಿನಿಂದ ಎದೆಕಟ್ಟಿನ ದಾರ ಬಿಗಿಯುತ್ತಾರೆ. ಸುತ್ತು ಸುತ್ತಾಗಿ ಮುಂಡಾಸು ಏರುತ್ತದೆ. ಎಲ್ಲಾ ನೋಡಿರುತ್ತೇವೆ. ಆಮೇಲೆ ಚಂಡೆ ಬಾರಿಸಿದ ಮೇಲೆ ಅದೇ ಮನುಷ್ಯ ರಂಗಕ್ಕೆ ಹಾರಿ ಬಂದರೆ ಹೆದರಿ ಅಜ್ಜಿಯ ಸೆರಗು ಹಿಡಿದುಕೊಳ್ಳುತ್ತಿದ್ದೆವು.

ಪ್ರಶ್ನೆಗಳಲ್ಲಿ ಒಂದು ಇಲ್ಲಿ ಬರೆಯುತ್ತೇನೆ. ಕಾಲೇಜು ಹುಡುಗಿಯೊಬ್ಬಳು ಎದ್ದು ಕೇಳಿದಳು: "ಅಕ್ಕಾ, ನಾವು ಕಿರುಚಿತ್ರ ಮಾಡ್ತಿದ್ದೀವಿ. ನಮ್ಮೂರ ಸೂಪರ್‌ಹೀರೋ. ಬಜೆಟ್ ಇಲ್ಲ. ಏನು ಹಾಕಿಸೋದು?"

ನಾನು ತಿರುಗಿ ಕೇಳಿದೆ, "ಅವನು ಏನು ಕೆಲಸ ಮಾಡ್ತಾನೆ?"

"ತೋಟದಲ್ಲಿ."

ಹಾಗಾದರೆ ಅರ್ಧ ಕೆಲಸ ಮುಗಿದಿದೆ ಅಂದೆ. 2000ದ ಅನ್‌ಬ್ರೇಕಬಲ್ ಸಿನಿಮಾದಲ್ಲಿ ಬ್ರೂಸ್ ವಿಲ್ಲಿಸ್ ಸ್ಟೇಡಿಯಂ ಕಾಯುವವನು. ಡ್ಯೂಟಿಯ ಹಸಿರು ಮಳೆಕೋಟೇ ಅವನ ಸೂಪರ್‌ಹೀರೋ ಬಟ್ಟೆ. ನಮ್ಮವನಿಗೆ ಮನೆ ಗೋಡೆಯ ಗೂಟದಲ್ಲೇ ಕಂಬಳಿ ಕೊಪ್ಪೆ ಇರುತ್ತದೆ. ತಲೆ, ಬೆನ್ನು ಮುಚ್ಚುತ್ತದೆ, ಕೈ ಎರಡೂ ಖಾಲಿ. ಕೈ ಖಾಲಿ ಇರಬೇಕು ಅಂತಲೇ ಕೊಪ್ಪೆ ಹುಟ್ಟಿದ್ದು. ಕಂಬಳಿ ಸಿಗದಿದ್ದರೆ ಗೋಣಿಚೀಲದ ಒಂದು ಮೂಲೆ ಒಳಗೆ ಮಡಚಿ ಹಾಕಿಕೊಳ್ಳಿ. ಕಾಲಿಗೆ ಗಮ್‌ಬೂಟು. ಮುಖಕ್ಕೆ ಮಂಕಿ ಕ್ಯಾಪು. ಡಿಸೆಂಬರ್ ಬೆಳಗ್ಗೆ ಚಿಕ್ಕಮಗಳೂರಿನಲ್ಲಿ ಮಂಕಿ ಕ್ಯಾಪು ಹಾಕಿಕೊಂಡವನನ್ನು ಯಾರು ಅನುಮಾನದಿಂದ ನೋಡುತ್ತಾರೆ?

ಹಿಂದಿನಿಂದ ಒಬ್ಬ ಹುಡುಗ ಕೂಗಿದ, "ಹಾರುವಾಗ ಕೊಪ್ಪೆ ಬಿದ್ದುಹೋಗಲ್ವಾ?"

ಬೀಳುತ್ತೆ. ಗದ್ದದ ಕೆಳಗೆ ಟಿಚ್ ಬಟನ್ ಹಾಕಿ. ಲಾಡಿ ಬೇಡ. ಲಾಡಿ ಕಟ್ಟಿದರೆ ಯಾರಾದರೂ ಹಿಂದಿನಿಂದ ಎಳೆದಾಗ ಕುತ್ತಿಗೆ ಬಿಗಿಯುತ್ತದೆ. ದಿ ಇನ್‌ಕ್ರೆಡಿಬಲ್ಸ್ ಸಿನಿಮಾದ ಎಡ್ನಾ ಅನ್ನುವ ವಸ್ತ್ರವಿನ್ಯಾಸಕಿ ಬೆನ್ನ ಮೇಲೆ ಹಾರಾಡುವ ಬಟ್ಟೆಯೇ ಬೇಡ ಅಂತ ಹಟ ಹಿಡಿಯುವುದು ಇಂಥ ಅಪಾಯಗಳಿಗೇ. ಟಿಚ್ ಬಟನ್ ಆದರೆ ಎಳೆದ ಕೂಡಲೇ ಬಿಟ್ಟುಕೊಳ್ಳುತ್ತದೆ. ಕೊಪ್ಪೆ ಅವರ ಕೈಯಲ್ಲಿ ಉಳಿಯುತ್ತದೆ, ನಿಮ್ಮ ಹೀರೋ ತಪ್ಪಿಸಿಕೊಳ್ಳುತ್ತಾನೆ. ಬಟನ್ ನನ್ನ ಅಂಗಡಿಯಲ್ಲಿ ಇದೆ, ಸೋಮವಾರ ಬಂದು ತೆಗೆದುಕೊಂಡು ಹೋಗಿ. ಕಂಬಳಿ ದಪ್ಪ, ಕೈಯಲ್ಲೇ ಹೊಲಿಯಬೇಕು. ಅದನ್ನು ಮಾತ್ರ ನೀವೇ ಹೊಲಿಯಿರಿ.